ಹಾಡುವವನೇ ಹಾಡಿನೊಡೆಯನೇ? ಇಬ್ಭಾಗವಾದ ರೋಲಿಂಗ್ ಸ್ಟೋನ್ಸ್ ಧ್ವನಿಭಂಡಾರ

ಬೆಂಗಳೂರಿನ ಅರಮನೆ ಮೈದಾನದಲ್ಲಿ 2003ರ ಏಪ್ರಿಲ್ 4ರಂದು ಲಂಡನ್ನಿನ ರೋಲಿಂಗ್ ಸ್ಟೋನ್ಸ್ ತಂಡ ಹಾಡಿತು. ಭಾರತದ ನೆಲದಲ್ಲಿ ಅದು ಆ ತಂಡದ ಮೊದಲ ಕಾರ್ಯಕ್ರಮ. ಮೂರು ದಿನಗಳ ಬಳಿಕ ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಎರಡನೆಯದು ನಡೆಯಿತು. ಕ್ಯಾಸೆಟ್ಟುಗಳಲ್ಲಿ ಮಾತ್ರ ಕೇಳಿದ್ದ ದನಿಯನ್ನು ಕಣ್ಣೆದುರು ಕಂಡ ಸಂಭ್ರಮದಲ್ಲಿ ಅಂದಿನ ಶ್ರೋತೃಗಳು ಗಮನಿಸದೇ ಹೋದ ಸಂಗತಿಯೊಂದಿದೆ. ಆ ರಾತ್ರಿ ವೇದಿಕೆಯ ಮೇಲೆ ಹಾಡುತ್ತಿದ್ದವರಿಗೆ ತಮ್ಮದೇ ಹೆಸರಾಂತ ಹಾಡುಗಳ ಮೇಲೆ ಪೂರ್ಣ ಒಡೆತನ ಇರಲಿಲ್ಲ.

ತಂಡವನ್ನು ಬೆಂಗಳೂರಿಗೆ ಕರೆತಂದ ‘ಲಿಕ್ಸ್’ ಪ್ರವಾಸದ ಹಿಂದೆ ‘ಫಾರ್ಟಿ ಲಿಕ್ಸ್’ ಎಂಬ ಜೋಡಿ ಸಿ.ಡಿ. ಸಂಕಲನವಿತ್ತು. 2002ರ ಶರತ್ಕಾಲದಲ್ಲಿ ಬಿಡುಗಡೆಯಾದ ಆ ಸಂಕಲನದಲ್ಲಿ 40 ಹಾಡುಗಳು; 36 ಹಳೆಯವು, ನಾಲ್ಕು ಹೊಸವು. ತಂಡ ಹುಟ್ಟಿ ಆಗಲೇ 40 ವರ್ಷಗಳಾಗಿದ್ದವು. ಆದರೂ ಅರವತ್ತರ ದಶಕದ ಹಾಡುಗಳು ಮತ್ತು ಆ ಬಳಿಕದ ಹಾಡುಗಳು ಒಂದೇ ಸಂಕಲನದಲ್ಲಿ ಸಮಗ್ರವಾಗಿ ಕೂಡಿಬಂದದ್ದು ಅದೇ ಮೊದಲು. ನಾಲ್ಕು ದಶಕ ಇದು ಸಾಧ್ಯವಾಗದೇ ಇದ್ದುದಕ್ಕೆ ಕಾರಣ ಸಂಗೀತದ್ದಲ್ಲ, ಕಾಗದಪತ್ರದ್ದು. ಮೊದಲ ಪಾಲಿನ ಒಡೆಯರು ಒಬ್ಬರು, ಎರಡನೆಯ ಪಾಲಿನ ಒಡೆಯರು ಇನ್ನೊಬ್ಬರು. ಇಬ್ಬರೂ ಒಪ್ಪಿದಾಗ ಮಾತ್ರ ಅಂಥ ಸಂಕಲನ ಹೊರಬರಬಲ್ಲದು.

ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ಕೇಳಿದ ನಾಡು ನಮ್ಮದು. ಹಾಡುವವನೇ ಹಾಡಿನೊಡೆಯನೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡವರಲ್ಲ. ಪ್ರಸಿದ್ಧ ಗಾಯಕರು ತಮ್ಮ ಇಡೀ ಧ್ವನಿಭಂಡಾರವನ್ನು ಕೋಟ್ಯಂತರ ಡಾಲರಿಗೆ ಮಾರುತ್ತಿರುವ ಸುದ್ದಿಗಳು ಕೆಲವು ವರ್ಷಗಳಿಂದ ಒಂದರ ಹಿಂದೊಂದು ಬರುತ್ತಿವೆ. ಈ ಹೊತ್ತಿನಲ್ಲಿ ಆರು ದಶಕ ದಾಟಿದ ಈ ತಂಡದ ಧ್ವನಿಮುದ್ರಣಗಳ ಚರಿತ್ರೆ ಆ ಪ್ರಶ್ನೆಗೆ ಒಳ್ಳೆಯ ಪಾಠದಂತಿದೆ.

ಲೆಕ್ಕ ಹೇಳುವ ಕಥೆ

ರೋಲಿಂಗ್ ಸ್ಟೋನ್ಸ್ ಎಂಬ ಹೆಸರಿನಲ್ಲಿ ಮೊದಲ ಕಾರ್ಯಕ್ರಮ ನಡೆದದ್ದು 1962ರ ಜುಲೈ 12ರಂದು, ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ. ಮೊದಲ ಧ್ವನಿಮುದ್ರಿಕೆ ‘ಕಮ್ ಆನ್’ ಹೊರಬಂದದ್ದು 1963ರ ಜೂನ್‌ನಲ್ಲಿ. ಮೊದಲ ಪೂರ್ಣ ಆಲ್ಬಂ 1964ರ ಏಪ್ರಿಲ್‌ನಲ್ಲಿ. ಬ್ರಿಟನ್ನಿನ ಎಣಿಕೆಯಂತೆ ನೋಡಿದರೆ 2023ರ ಅಕ್ಟೋಬರ್‌ನಲ್ಲಿ ಬಂದ ‘ಹ್ಯಾಕ್ನಿ ಡೈಮಂಡ್ಸ್’ ತಂಡದ 24ನೆಯ ಸ್ಟುಡಿಯೋ ಆಲ್ಬಂ. ಅಮೆರಿಕದಲ್ಲಿ ಈ ಎಣಿಕೆ ಬೇರೆಯಾಗುತ್ತದೆ. ಅರವತ್ತರ ದಶಕದಲ್ಲಿ ಅಲ್ಲಿನ ಕಂಪನಿ ಬ್ರಿಟಿಷ್ ಆಲ್ಬಂಗಳನ್ನು ಒಡೆದು, ಹಾಡುಗಳನ್ನು ಅದಲುಬದಲು ಮಾಡಿ, ಬೇರೆ ಹೆಸರುಗಳಲ್ಲಿ ಮಾರಿದ್ದೇ ಇದಕ್ಕೆ ಕಾರಣ.

ಈ 24ನ್ನು ಎರಡಾಗಿ ಹಂಚಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೊದಲ ಎಂಟು ಆಲ್ಬಂಗಳು 1964ರಿಂದ 1969ರ ಡಿಸೆಂಬರ್‌ವರೆಗಿನ ಆರು ವರ್ಷಗಳೊಳಗೆ ಬಂದವು. ಉಳಿದ ಹದಿನಾರು ಬರಲು 1971ರಿಂದ 2023ರವರೆಗೆ ಅರ್ಧ ಶತಮಾನ ಬೇಕಾಯಿತು. ಅದರಲ್ಲೂ 1989ರ ‘ಸ್ಟೀಲ್ ವೀಲ್ಸ್’ ಬಳಿಕ ಬಂದವು ಐದೇ. 2005ರ ‘ಎ ಬಿಗ್ಗರ್ ಬ್ಯಾಂಗ್’ ಮತ್ತು 2023ರ ‘ಹ್ಯಾಕ್ನಿ ಡೈಮಂಡ್ಸ್’ ನಡುವೆ ಸ್ವಂತ ರಚನೆಗಳ ಆಲ್ಬಂ ಒಂದೂ ಇಲ್ಲದ 18 ವರ್ಷಗಳು ಕಳೆದವು. ನಡುವೆ 2016ರಲ್ಲಿ ಬಂದ ‘ಬ್ಲೂ ಅಂಡ್ ಲೋನ್ಸಮ್’ ಪೂರ್ತಿಯಾಗಿ ಅನ್ಯರ ಹಾಡುಗಳದ್ದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜಗತ್ತಿಗೆ ಪರಿಚಿತವಾದ ‘ಸ್ಯಾಟಿಸ್‌ಫ್ಯಾಕ್ಷನ್’, ‘ಪೇಂಟ್ ಇಟ್ ಬ್ಲ್ಯಾಕ್’, ‘ರೂಬಿ ಟ್ಯೂಸ್‌ಡೇ’, ‘ಸಿಂಪಥಿ ಫಾರ್ ದಿ ಡೆವಿಲ್’, ‘ಗಿಮ್ಮಿ ಶೆಲ್ಟರ್’ ಎಲ್ಲವೂ ಮೊದಲ ಆರು ವರ್ಷಗಳವು. ಅಂದರೆ ಧ್ವನಿಭಂಡಾರದ ಮೂರನೆಯ ಒಂದು ಪಾಲು. ಆದರೆ ತಂಡದ ಖ್ಯಾತಿಯ ತಳಹದಿಯೇ ಅದು. ಆ ಪಾಲೇ ಇಂದು ತಂಡದ ಕೈಯಲ್ಲಿಲ್ಲ. ಅದು ನ್ಯೂಯಾರ್ಕಿನ ಆಬ್ಕೋ ಎಂಬ ಕಂಪನಿಯ ಸ್ವತ್ತು.

ಎರಡು ಹಕ್ಕು, ಎರಡು ಜೇಬು

ಮುಂದಿನ ಕಥೆ ಅರ್ಥವಾಗಬೇಕಾದರೆ ಒಂದು ಸಣ್ಣ ವಿವರಣೆ ಅಗತ್ಯ. ಧ್ವನಿಮುದ್ರಿತ ಹಾಡೊಂದರಲ್ಲಿ ಎರಡು ಬಗೆಯ ಹಕ್ಕುಗಳು ಅಡಗಿರುತ್ತವೆ. ಮೊದಲನೆಯದು ಸಾಹಿತ್ಯ ಮತ್ತು ಸ್ವರಸಂಯೋಜನೆಯದು. ಅದು ಬರೆದವರಿಗೆ ಅಥವಾ ಅವರಿಂದ ಹಕ್ಕು ಪಡೆದ ಪ್ರಕಾಶಕರಿಗೆ ಸೇರಿದ್ದು. ಎರಡನೆಯದು ಸ್ಟುಡಿಯೋದಲ್ಲಿ ಹಿಡಿದಿಟ್ಟ ಧ್ವನಿಯದು, ಅಂದರೆ ಮೂಲ ಟೇಪಿನದು. ಒಂದೇ ಹಾಡನ್ನು ಹತ್ತು ಮಂದಿ ಹಾಡಬಹುದು. ಹತ್ತು ಟೇಪುಗಳಿಗೂ ಬೇರೆ ಬೇರೆ ಒಡೆಯರಿರಬಹುದು. ರಚನೆಯ ರಾಯಲ್ಟಿ ಮಾತ್ರ ಪ್ರತಿ ಬಾರಿಯೂ ಒಂದೇ ಜೇಬಿಗೆ ಹೋಗುತ್ತದೆ.

ಸ್ಟೋನ್ಸ್ ತಂಡದ ಮೊದಲ ಆಲ್ಬಂನಲ್ಲಿ ಬಹುತೇಕ ಹಾಡುಗಳು ಅಮೆರಿಕದ ಕಪ್ಪು ಸಂಗೀತಗಾರರ ರಚನೆಗಳು. ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಜೋಡಿಯ ಹೆಸರಿನಲ್ಲಿದ್ದದ್ದು ‘ಟೆಲ್ ಮಿ’ ಒಂದೇ. ಪರರ ಹಾಡನ್ನು ಎಷ್ಟು ಚೆನ್ನಾಗಿ ಹಾಡಿದರೂ ರಚನೆಯ ಹಣ ಪರರದೇ ಎಂಬುದು ತಂಡದ ವ್ಯವಸ್ಥಾಪಕ ಆ್ಯಂಡ್ರೂ ಲೂಗ್ ಓಲ್ಡಮ್‌ಗೆ ಬೇಗ ಹೊಳೆಯಿತು. ಹಾಡು ಕಟ್ಟುವವರೆಗೆ ಹೊರಗೆ ಬಿಡುವುದಿಲ್ಲವೆಂದು ಇಬ್ಬರನ್ನೂ ಆತ ಅಡುಗೆಮನೆಯಲ್ಲಿ ಕೂಡಿಹಾಕಿದ್ದ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕಥೆ ನಿಜವೋ ಸುಳ್ಳೋ, ಫಲ ಮಾತ್ರ ನಿಜ. 1966ರ ‘ಆಫ್ಟರ್‌ಮ್ಯಾತ್’ ಆಲ್ಬಂನ ಅಷ್ಟೂ ಹಾಡುಗಳು ಆ ಜೋಡಿಯವೇ ಆಗಿದ್ದವು.

ಅದೇ ವರ್ಷದ ‘ಪೇಂಟ್ ಇಟ್ ಬ್ಲ್ಯಾಕ್’ ಹಾಡಿನಲ್ಲಿ ಕೇಳುವ ಸಿತಾರ್ ನಮ್ಮ ಕಿವಿಗೆ ಚಿರಪರಿಚಿತ. ಅದನ್ನು ನುಡಿಸಿದವರು ತಂಡದ ಸ್ಥಾಪಕರಲ್ಲೊಬ್ಬರಾದ ಬ್ರಯಾನ್ ಜೋನ್ಸ್. ರವಿಶಂಕರ್ ಅವರ ಶಿಷ್ಯ ಹರಿಹರ ರಾವ್ ಅವರಿಂದ ಜೋನ್ಸ್ ಸಿತಾರ್ ಪಾಠ ಹೇಳಿಸಿಕೊಂಡಿದ್ದರು. ಆ ಹಾಡಿನ ಗುರುತೇ ಆ ಸಿತಾರ್. ಆದರೂ ರಚನಕಾರರ ಪಟ್ಟಿಯಲ್ಲಿ ಜೋನ್ಸ್ ಹೆಸರಿಲ್ಲ. ಮುಂದೆ ಗಿಟಾರ್ ವಾದಕರಾಗಿ ಬಂದ ಮಿಕ್ ಟೇಲರ್ 1974ರ ಕೊನೆಯಲ್ಲಿ ತಂಡ ತೊರೆದದ್ದಕ್ಕೆ ಕೊಟ್ಟ ಕಾರಣಗಳಲ್ಲಿ, ತಮ್ಮ ಕೊಡುಗೆಗೆ ರಚನೆಯ ಮನ್ನಣೆ ಸಿಗಲಿಲ್ಲ ಎಂಬುದೂ ಒಂದು. ಒಡೆತನದ ಅಸಮಾನತೆ ಕಂಪನಿ ಮತ್ತು ಕಲಾವಿದರ ನಡುವೆ ಮಾತ್ರವಲ್ಲ, ತಂಡದ ಒಳಗೂ ಇತ್ತು ಎಂಬುದನ್ನು ಮರೆಯುವಂತಿಲ್ಲ.

ಗೇಣಿಯ ಉಪಾಯ

ಓಲ್ಡಮ್ ಮಾಡಿದ ಇನ್ನೊಂದು ಕೆಲಸ ಆ ಕಾಲಕ್ಕೆ ಅಪರೂಪದ್ದು. ಆಗೆಲ್ಲ ಕಲಾವಿದರು ಕಂಪನಿಯ ಸ್ಟುಡಿಯೋದಲ್ಲಿ, ಕಂಪನಿಯ ಖರ್ಚಿನಲ್ಲಿ ಹಾಡಿ, ಟೇಪನ್ನು ಅಲ್ಲೇ ಬಿಟ್ಟು ಬರುವುದು ವಾಡಿಕೆ. ಹತ್ತೊಂಬತ್ತರ ಹರೆಯದ ಓಲ್ಡಮ್ ಮತ್ತು ಆತನ ಪಾಲುದಾರ ಎರಿಕ್ ಈಸ್ಟನ್ 1963ರಲ್ಲಿ ಇಂಪ್ಯಾಕ್ಟ್ ಸೌಂಡ್ ಎಂಬ ಸ್ವಂತ ಸಂಸ್ಥೆ ಕಟ್ಟಿ, ಧ್ವನಿಮುದ್ರಣವನ್ನು ತಾವೇ ಮಾಡಿಸಿ, ಟೇಪುಗಳನ್ನು ಡೆಕ್ಕಾ ಕಂಪನಿಗೆ ಗೇಣಿಗೆ ಕೊಟ್ಟರು. ಬೀಟಲ್ಸ್ ತಂಡವನ್ನು ಕೈಬಿಟ್ಟು ಪಶ್ಚಾತ್ತಾಪಪಡುತ್ತಿದ್ದ ಡೆಕ್ಕಾಗೆ ಇನ್ನೊಂದು ತಂಡವನ್ನು ಕಳೆದುಕೊಳ್ಳುವ ಧೈರ್ಯವಿರಲಿಲ್ಲ. ಹೀಗಾಗಿ ಮಾರುವ ಹಕ್ಕು ಡೆಕ್ಕಾದ್ದಾಯಿತು, ಮೂಲ ಟೇಪು ಇಂಪ್ಯಾಕ್ಟ್ ಸೌಂಡ್‌ನಲ್ಲಿ ಉಳಿಯಿತು.

ಮೇಲ್ನೋಟಕ್ಕೆ ಇದು ಕಲಾವಿದರ ಗೆಲುವು. ಆದರೆ ಇಂಪ್ಯಾಕ್ಟ್ ಸೌಂಡ್ ತಂಡದ್ದಾಗಿರಲಿಲ್ಲ, ವ್ಯವಸ್ಥಾಪಕರದ್ದಾಗಿತ್ತು. ಜಮೀನ್ದಾರ ಬದಲಾಗಿದ್ದನೇ ವಿನಾ ಉಳುವವನ ಕೈಗೆ ಪಹಣಿ ಬಂದಿರಲಿಲ್ಲ. ಈ ಒಂದು ಸಂಗತಿಯೇ ಮುಂದಿನ ಎಲ್ಲ ಅನಾಹುತಕ್ಕೂ ದಾರಿ ಮಾಡಿತು.

1965ರಲ್ಲಿ ಅಲೆನ್ ಕ್ಲೈನ್ ಎಂಬ ನ್ಯೂಯಾರ್ಕಿನ ಲೆಕ್ಕಪತ್ರ ಚತುರ ರಂಗಪ್ರವೇಶ ಮಾಡಿದ. ಧ್ವನಿಮುದ್ರಣ ಕಂಪನಿಗಳ ಲೆಕ್ಕಪುಸ್ತಕ ಕೆದಕಿ, ಕಲಾವಿದರಿಗೆ ಕೊಡದೇ ಉಳಿಸಿಕೊಂಡ ಹಣವನ್ನು ವಸೂಲು ಮಾಡಿಕೊಡುವುದರಲ್ಲಿ ಆತ ಹೆಸರುವಾಸಿ. ಡೆಕ್ಕಾ ಜೊತೆ ಹೊಸ ಕರಾರು ಮಾಡಿಸಿ 12.5 ಲಕ್ಷ ಡಾಲರ್ ಮುಂಗಡ ತಂದುಕೊಟ್ಟ. ಬೀಟಲ್ಸ್‌ಗೂ ಸಿಗದಂಥ ಕರಾರು ಅದು. ತಂಡ ಹಿಗ್ಗಿತು. ಬೀಟಲ್ಸ್ ಕೂಡ 1969ರಲ್ಲಿ, ಪಾಲ್ ಮೆಕಾರ್ಟ್ನಿ ಅವರೊಬ್ಬರ ವಿರೋಧದ ನಡುವೆ, ಇದೇ ಕ್ಲೈನ್‌ನನ್ನು ಕರೆದುಕೊಂಡಿತು.

ಹೆಸರೊಂದೇ, ಒಡೆಯ ಬೇರೆ

ಸ್ಟೋನ್ಸ್ ಸದಸ್ಯರು ಸಾಮೂಹಿಕವಾಗಿ ಕಟ್ಟಿದ ಹಾಡುಗಳಿಗೆ ‘ನ್ಯಾಂಕರ್ ಫೆಲ್ಜ್’ ಎಂಬ ಕಾವ್ಯನಾಮ ಬಳಸುತ್ತಿದ್ದರು. ಲಂಡನ್ನಿನಲ್ಲಿ ಅದೇ ಹೆಸರಿನ ಸ್ವಂತ ಕಂಪನಿಯನ್ನೂ ಹೊಂದಿದ್ದರು. ಕ್ಲೈನ್ ಅಮೆರಿಕದಲ್ಲಿ ಅದೇ ಹೆಸರಿನ ಮತ್ತೊಂದು ಕಂಪನಿ ತೆರೆದು, ಹಣವೆಲ್ಲ ಅದರ ಮೂಲಕ ಹರಿಯುವಂತೆ ಕಾಗದ ಬರೆಸಿದ. ಅದು ತಮ್ಮದೇ ಕಂಪನಿಯ ಅಮೆರಿಕದ ಶಾಖೆ ಎಂದು ತಂಡ ನಂಬಿತ್ತು. ವಾಸ್ತವದಲ್ಲಿ ಅದರ ಒಡೆಯ ಕ್ಲೈನ್ ಒಬ್ಬನೇ. ಇನ್ನೊಂದೆಡೆ ಓಲ್ಡಮ್ 1967ರಲ್ಲಿ ತಂಡದಿಂದ ದೂರವಾದರು. ಮೂಲ ಟೇಪುಗಳ ಮೇಲಿದ್ದ ಅವರ ಹಕ್ಕು ಕ್ಲೈನ್‌ಗೆ ಮಾರಾಟವಾಯಿತು.

1970ರಲ್ಲಿ ಡೆಕ್ಕಾ ಕರಾರು ಮುಗಿಯುತ್ತಿದ್ದಂತೆ ತಂಡ ಎಚ್ಚೆತ್ತುಕೊಂಡಿತು. ಕರಾರಿನಂತೆ ಡೆಕ್ಕಾಗೆ ಇನ್ನೊಂದು ಹಾಡು ಕೊಡುವುದು ಬಾಕಿಯಿತ್ತು. ಯಾವ ಕಂಪನಿಯೂ ಬಿಡುಗಡೆ ಮಾಡಲಾಗದಷ್ಟು ಅಶ್ಲೀಲವಾದ ಹಾಡೊಂದನ್ನು ಮುದ್ರಿಸಿ ಒಪ್ಪಿಸಿ ತಂಡ ಕೈತೊಳೆದುಕೊಂಡಿತು. ಆದರೆ ಕ್ಲೈನ್ ಜೊತೆಗಿನ ವ್ಯಾಜ್ಯ ಅಷ್ಟು ಸುಲಭವಾಗಿ ಬಗೆಹರಿಯುವಂಥದ್ದಾಗಿರಲಿಲ್ಲ. 1971ರಲ್ಲಿ ಮೊಕದ್ದಮೆ, 1972ರಲ್ಲಿ ರಾಜಿ. ಅಂತಿಮವಾಗಿ ಅರವತ್ತರ ದಶಕದ ಮೂಲ ಟೇಪುಗಳು, ಜೊತೆಗೆ ಆ ಕಾಲದ ರಚನೆಗಳ ಪ್ರಕಾಶನದ ಹಕ್ಕು ಕ್ಲೈನ್‌ನ ಆಬ್ಕೋದಲ್ಲಿ ಉಳಿದವು. 1969ರ ಡಿಸೆಂಬರ್‌ನಲ್ಲಿ ಅಲಬಾಮಾದ ಮಸಲ್ ಶೋಲ್ಸ್ ಸ್ಟುಡಿಯೋದಲ್ಲಿ ಮುದ್ರಿತವಾಗಿ 1971ರಲ್ಲಿ ಬಿಡುಗಡೆಯಾದ ‘ಬ್ರೌನ್ ಶುಗರ್’ ಮತ್ತು ‘ವೈಲ್ಡ್ ಹಾರ್ಸಸ್’ ಗಡಿಯ ಮೇಲೆ ಸಿಕ್ಕಿಬಿದ್ದವು. ಅವೆರಡೂ ಜಂಟಿ ಸ್ವತ್ತಾದವು.

ಆಬ್ಕೋ ತಡಮಾಡಲಿಲ್ಲ. 1971ರ ಡಿಸೆಂಬರ್‌ನಲ್ಲೇ ‘ಹಾಟ್ ರಾಕ್ಸ್’ ಎಂಬ ಜೋಡಿ ಸಂಕಲನವನ್ನು ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದಲ್ಲಿ ತಂಡದ ಹೆಸರಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದೇ. ಹೊಸ ಪೀಳಿಗೆಯ ಕೇಳುಗನೊಬ್ಬ ಇಂದು ಸ್ಟೋನ್ಸ್ ಸಂಗೀತಕ್ಕೆ ಕಾಲಿಡುವ ಹೆಬ್ಬಾಗಿಲಿನ ಬೀಗದ ಕೈ ತಂಡದ ಬಳಿ ಇಲ್ಲ. ಕ್ಲೈನ್ 2009ರಲ್ಲಿ ನಿಧನನಾದರೂ ಕಂಪನಿ ಆತನ ಕುಟುಂಬದ ಸುಪರ್ದಿಯಲ್ಲೇ ಮುಂದುವರಿಯಿತು.

ಕಲಿತ ಪಾಠ

ಆ ಪೆಟ್ಟಿನ ಬಳಿಕ ತಂಡ ನಡೆದುಕೊಂಡ ರೀತಿಯೇ ಈ ಚರಿತ್ರೆಯ ಉಪಯುಕ್ತ ಭಾಗ. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಓದನ್ನು ಅರ್ಧಕ್ಕೆ ಬಿಟ್ಟಿದ್ದ ಜಾಗರ್, ರೂಪರ್ಟ್ ಲೋವನ್‌ಸ್ಟೈನ್ ಎಂಬ ಬ್ಯಾಂಕರ್‌ನನ್ನು ಹಣಕಾಸು ಸಲಹೆಗಾರರನ್ನಾಗಿ ಮಾಡಿಕೊಂಡರು. ಆ ನಂಟು 2007ರವರೆಗೆ ಉಳಿಯಿತು. ಬ್ರಿಟನ್ನಿನ ತೆರಿಗೆಯಿಂದ ಪಾರಾಗಲು ತಂಡ 1971ರ ವಸಂತದಲ್ಲಿ ಫ್ರಾನ್ಸಿಗೆ ವಲಸೆ ಹೋಯಿತು. ಕಡಲತೀರದ ವಿಲ್‌ಫ್ರಾಂಶ್‌ನಲ್ಲಿ ರಿಚರ್ಡ್ಸ್ ಬಾಡಿಗೆಗೆ ಹಿಡಿದಿದ್ದ ನೆಲ್‌ಕೋಟ್ ಬಂಗಲೆಯ ನೆಲಮಾಳಿಗೆಯಲ್ಲಿ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಆಲ್ಬಂನ ಬಹುಭಾಗ ಮುದ್ರಿತವಾಯಿತು. ಹೊರಗೆ ನಿಂತಿದ್ದ ಲಾರಿಯಲ್ಲಿ ತಂಡದ್ದೇ ಸಂಚಾರಿ ಸ್ಟುಡಿಯೋ ಇತ್ತು. ಅದೇ ಲಾರಿಯನ್ನು ಲೆಡ್ ಜೆಪ್ಲಿನ್, ಡೀಪ್ ಪರ್ಪಲ್ ಮೊದಲಾದ ತಂಡಗಳಿಗೂ ಬಾಡಿಗೆಗೆ ಕೊಡಲಾಯಿತು. ಅದನ್ನೀಗ ಕೆನಡಾದ ಕ್ಯಾಲ್ಗರಿಯ ಸಂಗೀತ ಕೇಂದ್ರದಲ್ಲಿ ಕಾಪಿಡಲಾಗಿದೆ.

ಸ್ವಂತ ಲೇಬಲ್ ‘ರೋಲಿಂಗ್ ಸ್ಟೋನ್ಸ್ ರೆಕಾರ್ಡ್ಸ್’ ಆರಂಭವಾಯಿತು. ಅದಕ್ಕೆ ಜಾನ್ ಪಾಶ್ ಎಂಬ ಕಲಾ ವಿದ್ಯಾರ್ಥಿ 50 ಪೌಂಡಿಗೆ ಬರೆದುಕೊಟ್ಟ ನಾಲಗೆ ಚಾಚಿದ ಕೆಂಪು ತುಟಿಯ ಲಾಂಛನ ಇಂದು ನಮ್ಮ ಕಾಲೇಜು ಹುಡುಗರ ಟೀ ಶರ್ಟುಗಳ ಮೇಲೂ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಓಲ್ಡಮ್ 1963ರಲ್ಲಿ ಡೆಕ್ಕಾ ಮೇಲೆ ಪ್ರಯೋಗಿಸಿದ ಗೇಣಿಯ ಉಪಾಯವನ್ನು ತಂಡ ತನಗಾಗಿ ಬಳಸಿಕೊಂಡದ್ದು. 1971ರಿಂದ ಈಚೆಗಿನ ಮೂಲ ಟೇಪುಗಳನ್ನು ತಂಡ ಯಾರಿಗೂ ಮಾರಲಿಲ್ಲ. ನಿಗದಿತ ಅವಧಿಗೆ ಗೇಣಿಗೆ ಕೊಟ್ಟಿತು. ಮೊದಲು ಅಟ್ಲಾಂಟಿಕ್, 1977ರಲ್ಲಿ ಇಎಂಐ, 1983ರಲ್ಲಿ ಸಿಬಿಎಸ್, 1991ರಲ್ಲಿ ವರ್ಜಿನ್, 2008ರಲ್ಲಿ ಯೂನಿವರ್ಸಲ್. ಹೀಗೆ ಅವಧಿ ಮುಗಿದಂತೆಲ್ಲ ಹೊಸ ಕಂಪನಿ, ಹೊಸ ಮುಂಗಡ. ಹಳೆಯ ಆಲ್ಬಂಗಳು ಹೊಸ ಹೊದಿಕೆಯಲ್ಲಿ ಮತ್ತೆ ಮತ್ತೆ ಅಂಗಡಿಗೆ ಬಂದವು. ಡಿಸ್ಕುಗಳ ಬೆನ್ನಿಗೆ ಸಣ್ಣ ಅಕ್ಷರದಲ್ಲಿರುವ ಒಡೆತನದ ಸಾಲನ್ನು ಓದಿದವರಿಗೆ, ನೆದರ್ಲೆಂಡ್ಸ್‌ನಲ್ಲಿ ನೋಂದಾಯಿತವಾದ ಪ್ರೊಮೊಟೋನ್ ಎಂಬ ತಂಡದ ಕಂಪನಿಯ ಹೆಸರು ಕಾಣುತ್ತದೆ.

ಉಗ್ರಾಣದ ಬೀಗ ತಮ್ಮ ಕೈಯಲ್ಲಿದ್ದರೆ ಏನು ಮಾಡಬಹುದು ಎಂಬುದಕ್ಕೂ ನಿದರ್ಶನಗಳಿವೆ. 1981ರ ‘ಟ್ಯಾಟೂ ಯು’ ಹೊಸ ಆಲ್ಬಂ ಎಂದು ಬಂದರೂ ಬಹುಪಾಲು ಹಿಂದಿನ ವರ್ಷಗಳಲ್ಲಿ ಅರ್ಧಕ್ಕೆ ಬಿಟ್ಟಿದ್ದ ಟೇಪುಗಳನ್ನು ಧ್ವನಿತಜ್ಞ ಕ್ರಿಸ್ ಕಿಮ್ಸಿ ಹೆಕ್ಕಿ ತೆಗೆದು ಸಿದ್ಧಪಡಿಸಿದ್ದು. ‘ಸ್ಟಾರ್ಟ್ ಮಿ ಅಪ್’ ಹಾಡು ಹಿಂದೆ ರೆಗೇ ಧಾಟಿಯಲ್ಲಿ ಪ್ರಯತ್ನಿಸಿ ಬದಿಗಿಟ್ಟಿದ್ದ ಹಾಡು. 1972ರ ‘ಎಕ್ಸೈಲ್’ 2010ರಲ್ಲಿ ಹಾಗೂ 1973ರ ‘ಗೋಟ್ಸ್ ಹೆಡ್ ಸೂಪ್’ 2020ರಲ್ಲಿ ಮರುಬಿಡುಗಡೆಗೊಂಡಾಗ ಎರಡೂ ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿದವು. ಹಳೆಯ ಕಾಳು ಉಗ್ರಾಣದಲ್ಲಿದ್ದರೆ ಬರಗಾಲದಲ್ಲೂ ಹಸಿವಿಲ್ಲ.

ಸಾಲದ ಸರಪಳಿ

ಇಷ್ಟನ್ನು ಓದಿ ಸ್ಟೋನ್ಸ್ ತಂಡವನ್ನು ವಂಚಿತರೆಂದು ಮಾತ್ರ ಭಾವಿಸಿದರೆ ಕಥೆ ಅರ್ಧವೇ ಆಗುತ್ತದೆ. ಅವರು ತಾವೇ ಯಾರಿಗೆ ಋಣಿಗಳು ಎಂಬ ಪ್ರಶ್ನೆಯೂ ಇದೆ. ತಂಡದ ಹೆಸರೇ ಷಿಕಾಗೋದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ ಹಾಡಿನಿಂದ ಪಡೆದದ್ದು. 1969ರ ‘ಲೆಟ್ ಇಟ್ ಬ್ಲೀಡ್’ ಆಲ್ಬಂನಲ್ಲಿರುವ ‘ಲವ್ ಇನ್ ವೇನ್’ ಮಿಸಿಸಿಪಿಯ ರಾಬರ್ಟ್ ಜಾನ್ಸನ್ ಹಾಡು. 1936 ಮತ್ತು 37ರಲ್ಲಿ ಒಟ್ಟು 29 ಹಾಡುಗಳನ್ನು ಮುದ್ರಿಸಿ, 1938ರಲ್ಲಿ ತೀರಿಕೊಂಡ ಜಾನ್ಸನ್‌ಗೆ ಆ ಆಲ್ಬಂ ಮೊದಲು ಬಂದಾಗ ರಚನಕಾರನ ಮನ್ನಣೆ ಸಿಗಲಿಲ್ಲ. ಹಾಡು ಸಾರ್ವಜನಿಕ ಸ್ವತ್ತು ಎಂದು ಆಬ್ಕೋ ನ್ಯಾಯಾಲಯದಲ್ಲಿ ವಾದಿಸಿತು. ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಆ ವಾದವನ್ನು ತಳ್ಳಿಹಾಕಿತು. ಹಾಡು ಬಿಡುಗಡೆಯಾಗಿ ಅದಾಗಲೇ 31 ವರ್ಷಗಳಾಗಿದ್ದವು.

ಇದಕ್ಕಿಂತಲೂ ವಿಚಿತ್ರವಾದದ್ದು ‘ಬಿಟರ್ ಸ್ವೀಟ್ ಸಿಂಫನಿ’ ಪ್ರಕರಣ. 1965ರ ‘ದಿ ಲಾಸ್ಟ್ ಟೈಮ್’ ಸ್ಟೋನ್ಸ್ ಹಾಡು. ಅದರ ಪಲ್ಲವಿ ಮಾತ್ರ ಸ್ಟೇಪಲ್ ಸಿಂಗರ್ಸ್ ಎಂಬ ಕಪ್ಪು ಕುಟುಂಬ ಐವತ್ತರ ದಶಕದಲ್ಲಿ ಹಾಡುತ್ತಿದ್ದ ಭಕ್ತಿಗೀತೆಗೆ ಋಣಿ. ಓಲ್ಡಮ್ ಆ ಹಾಡನ್ನು ವಾದ್ಯವೃಂದಕ್ಕೆ ಅಳವಡಿಸಿದರು. 1997ರಲ್ಲಿ ಬ್ರಿಟನ್ನಿನ ದಿ ವರ್ವ್ ತಂಡ ಆ ವಾದ್ಯವೃಂದದ ಧ್ವನಿಯ ತುಣುಕೊಂದನ್ನು ತನ್ನ ಹಾಡಿನಲ್ಲಿ ಬಳಸಿತು. ಪ್ರಕಾಶನದ ಹಕ್ಕು ಹೊಂದಿದ್ದ ಕ್ಲೈನ್ ಹಿಡಿದ ಪಟ್ಟು ಬಿಡಲಿಲ್ಲ. ಸಾಹಿತ್ಯ ಬರೆದ ರಿಚರ್ಡ್ ಆಶ್‌ಕ್ರಾಫ್ಟ್‌ಗೆ ರಚನೆಯ ರಾಯಲ್ಟಿ ಇಲ್ಲದಾಯಿತು, ಹಾಡು ಜಾಗರ್-ರಿಚರ್ಡ್ಸ್ ಹೆಸರಿಗೆ ಹೋಯಿತು. ಇಪ್ಪತ್ತೆರಡು ವರ್ಷಗಳ ಬಳಿಕ, 2019ರಲ್ಲಿ, ಜಾಗರ್ ಮತ್ತು ರಿಚರ್ಡ್ಸ್ ತಮ್ಮ ಪಾಲನ್ನು ಆಶ್‌ಕ್ರಾಫ್ಟ್‌ಗೆ ಬಿಟ್ಟುಕೊಟ್ಟರು. ಭಕ್ತಿಗೀತೆ ಹಾಡಿದವರಿಂದ ಸ್ಟೋನ್ಸ್‌ಗೆ, ಸ್ಟೋನ್ಸ್‌ನಿಂದ ಕ್ಲೈನ್‌ಗೆ, ಕ್ಲೈನ್‌ನಿಂದ ವರ್ವ್ ತಂಡದ ಮೇಲೆ. ಈ ಸರಪಳಿಯಲ್ಲಿ ಪ್ರತಿಯೊಬ್ಬರೂ ಒಮ್ಮೆ ಸಾಲಗಾರರು, ಇನ್ನೊಮ್ಮೆ ಸಾಹುಕಾರರು. ಕೊನೆಗೆ ಲಾಭ ಎಣಿಸಿದ್ದು ಹಾಡಿದವನಲ್ಲ, ಕಾಗದ ಹಿಡಿದಿದ್ದವನು.

ಮಾರುವವರ ಸಾಲಿನಲ್ಲಿ ನಿಲ್ಲದವರು

ಈಗ ಸಂಗೀತ ಮಾರುಕಟ್ಟೆಯ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಬಾಬ್ ಡಿಲನ್ 2020ರಲ್ಲಿ ತಮ್ಮ ರಚನೆಗಳ ಹಕ್ಕನ್ನು ಯೂನಿವರ್ಸಲ್‌ಗೂ, ಮರುವರ್ಷ ಧ್ವನಿಮುದ್ರಣಗಳ ಹಕ್ಕನ್ನು ಸೋನಿಗೂ ಮಾರಿದರು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2021ರಲ್ಲಿ ಎರಡನ್ನೂ ಸೋನಿಗೆ ಕೊಟ್ಟರು. ಮೊತ್ತ ಸುಮಾರು 50 ಕೋಟಿ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು. 2024ರಲ್ಲಿ ಪಿಂಕ್ ಫ್ಲಾಯ್ಡ್ ಧ್ವನಿಮುದ್ರಣಗಳು ಸುಮಾರು 40 ಕೋಟಿ ಡಾಲರಿಗೆ, ಕ್ವೀನ್ ತಂಡದ ಭಂಡಾರ ಸುಮಾರು 100 ಕೋಟಿ ಪೌಂಡಿಗೆ ಅದೇ ಸೋನಿಯ ಪಾಲಾದ ವರದಿಗಳು ಬಂದವು. ಅಂತರ್ಜಾಲದಲ್ಲಿ ಹಾಡು ಕೇಳುವ ಪದ್ಧತಿ ಬಂದ ಮೇಲೆ ಹಳೆಯ ಹಾಡು ತಿಂಗಳು ತಿಂಗಳು ಬಾಡಿಗೆ ತರುವ ಮನೆಯಂತಾಗಿದೆ. ಇಳಿವಯಸ್ಸಿನ ಕಲಾವಿದರಿಗೆ ಇಡುಗಂಟು ಬೇಕು, ಕಂಪನಿಗಳಿಗೆ ದೀರ್ಘಕಾಲದ ಬಾಡಿಗೆ ಬೇಕು. ವ್ಯಾಪಾರ ಕುದುರುತ್ತದೆ.

ಸ್ಟೋನ್ಸ್ ನಿಲುವು ಇದಕ್ಕೆ ಭಿನ್ನ. ತಂಡದ ಕೈಯಲ್ಲಿರುವ 1971ರ ನಂತರದ ಭಂಡಾರವನ್ನು ಮಾರುವ ಯೋಚನೆ ಸದ್ಯಕ್ಕಿಲ್ಲ ಎಂದು ಜಾಗರ್ 2023ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ತಿಳಿಸಿದ್ದರು. ಚೆನ್ನಾಗಿ ಬಾಳಲು ತಮ್ಮ ಮಕ್ಕಳಿಗೆ 50 ಕೋಟಿ ಡಾಲರ್ ಬೇಕಾಗಿಲ್ಲವೆಂದೂ, ಆ ಸಂಪತ್ತು ಮುಂದೊಂದು ದಿನ ದಾನಧರ್ಮಕ್ಕೆ ಹೋಗಬಹುದೆಂದೂ ಸೂಚಿಸಿದ್ದರು. ಇದು ಔದಾರ್ಯವೋ, ವ್ಯವಹಾರ ಜಾಣ್ಮೆಯೋ ಎಂದು ಚರ್ಚಿಸಬಹುದು. ಒಮ್ಮೆ ಕಳೆದುಕೊಂಡವರಿಗೆ ಮಾತ್ರ ಇರುವ ಎಚ್ಚರ ಆ ಮಾತಿನಲ್ಲಿ ಇದೆ ಎಂಬುದಂತೂ ಸ್ಪಷ್ಟ. ಮಾರದೇ ಉಳಿಯುವ ಶಕ್ತಿ ಅವರಿಗೆ ಬಂದದ್ದು ಪ್ರವಾಸಗಳ ಟಿಕೆಟ್ ಹಣದಿಂದ ಎಂಬುದನ್ನೂ ಇಲ್ಲಿ ಸೇರಿಸಬೇಕು. ಆ ಸೌಭಾಗ್ಯ ಎಲ್ಲ ಕಲಾವಿದರಿಗಿಲ್ಲ.

ಕಾನೂನು ಏನು ಹೇಳುತ್ತದೆ?

ಒಡೆತನ ಯಾರದೇ ಆಗಿರಲಿ, ಅದಕ್ಕೊಂದು ಗಡುವಿದೆ. ಬ್ರಿಟನ್ನಿನಲ್ಲಿ ಧ್ವನಿಮುದ್ರಣದ ಕೃತಿಸ್ವಾಮ್ಯ ಹಿಂದೆ 50 ವರ್ಷಗಳಿಗೆ ಮುಗಿಯುತ್ತಿತ್ತು. ಆ ಲೆಕ್ಕದಲ್ಲಿ ಸ್ಟೋನ್ಸ್ ತಂಡದ 1963ರ ಮೊದಲ ಮುದ್ರಿಕೆ 2013ರ ಕೊನೆಗೆ ಸಾರ್ವಜನಿಕ ಸ್ವತ್ತಾಗಬೇಕಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಅವಧಿಯನ್ನು 70 ವರ್ಷಗಳಿಗೆ ವಿಸ್ತರಿಸುವ ನಿಯಮ ಜಾರಿಗೆ ಬಂತು. ಹೀಗಾಗಿ ಅದು 2033ರವರೆಗೆ ರಕ್ಷಿತ.

ಭಾರತದ ಕಾಯ್ದೆಯಲ್ಲಿ ಧ್ವನಿಮುದ್ರಣದ ಅವಧಿ ಪ್ರಕಟವಾದ ಮರುವರ್ಷದಿಂದ 60 ವರ್ಷ. ಇದರಂತೆ 1963ರ ಮುದ್ರಿಕೆಯ ಅವಧಿ 2023ರ ಕೊನೆಗೂ, 1964ರ ಮೊದಲ ಆಲ್ಬಂನದು 2024ರ ಕೊನೆಗೂ, 1965ರ ‘ಸ್ಯಾಟಿಸ್‌ಫ್ಯಾಕ್ಷನ್’ನದು 2025ರ ಕೊನೆಗೂ ಲೆಕ್ಕಕ್ಕೆ ಬರುತ್ತದೆ. ಹಾಗೆಂದು ಯಾರು ಬೇಕಾದರೂ ಬಳಸಬಹುದು ಎಂದಲ್ಲ. ಮೇಲೆ ಹೇಳಿದ ಮೊದಲನೆಯ ಹಕ್ಕು, ಅಂದರೆ ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು, ರಚನಕಾರರ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ ಉಳಿಯುತ್ತದೆ. ಟೇಪಿನ ಗಡುವು ಮುಗಿದರೂ ಹಾಡಿನ ಗಡುವು ಮುಗಿದಿಲ್ಲ.

ನಮ್ಮ ಚಿತ್ರಗೀತೆಗಳ ರಚನಕಾರರಿಗೆ ಸಂಬಂಧಿಸಿದ ಬದಲಾವಣೆಯೊಂದು ಬಂದದ್ದು 2012ರಲ್ಲಿ. ಗೀತರಚನಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಪ್ರಬಲವಾಗಿ ವಾದಿಸಿದ ಕೃತಿಸ್ವಾಮ್ಯ ತಿದ್ದುಪಡಿ ಆ ವರ್ಷ ಸಂಸತ್ತಿನ ಅಂಗೀಕಾರ ಪಡೆಯಿತು. ಚಿತ್ರಕ್ಕಾಗಿ ಹಾಡು ಬರೆದ ಕವಿ ಮತ್ತು ಸಂಗೀತ ಹೊಸೆದ ನಿರ್ದೇಶಕ, ಚಿತ್ರಮಂದಿರದ ಹೊರಗಿನ ಬಳಕೆಗೆ ಸಿಗುವ ರಾಯಲ್ಟಿಯ ಪಾಲನ್ನು ಕಾಗದದಲ್ಲಿ ಬರೆದುಕೊಟ್ಟರೂ ಕಳೆದುಕೊಳ್ಳಲಾರರು. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಅದನ್ನು ಪರಭಾರೆ ಮಾಡುವಂತಿಲ್ಲ. ಇಪ್ಪತ್ತು ದಾಟಿದ ಹುಡುಗನೊಬ್ಬ ಓದದೇ ಹಾಕಿದ ಸಹಿ ಅವನ ಇಡೀ ಬದುಕನ್ನು ಕಟ್ಟಿಹಾಕಬಾರದು ಎಂಬ ವಿವೇಕ ಇದರ ಹಿಂದಿದೆ. 1965ರಲ್ಲಿ ಲಂಡನ್ನಿನ ಆ ಐವರಿಗೆ ಇಂಥ ಕಾನೂನಿನ ಆಸರೆ ಇರಲಿಲ್ಲ.

ಕೊನೆಯ ಹಾಡು

‘ಹ್ಯಾಕ್ನಿ ಡೈಮಂಡ್ಸ್’ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 2025ರ ಫೆಬ್ರವರಿಯಲ್ಲಿ ಅತ್ಯುತ್ತಮ ರಾಕ್ ಆಲ್ಬಂ ಎಂಬ ಗ್ರ್ಯಾಮಿಯನ್ನೂ ಪಡೆಯಿತು. 2021ರ ಆಗಸ್ಟ್‌ನಲ್ಲಿ ನಿಧನರಾದ ಡ್ರಮ್ ವಾದಕ ಚಾರ್ಲಿ ವಾಟ್ಸ್ ಎರಡು ಹಾಡುಗಳಲ್ಲಿ ನುಡಿಸಿದ್ದಾರೆ. ಅವುಗಳಲ್ಲೊಂದರಲ್ಲಿ, ಮೂರು ದಶಕಗಳ ಹಿಂದೆ ತಂಡ ಬಿಟ್ಟಿದ್ದ ಬಿಲ್ ವೈಮನ್ ಕೂಡ ಬಾಸ್ ಗಿಟಾರ್ ಹಿಡಿದಿದ್ದಾರೆ. ಕ್ಲೈನ್‌ನನ್ನು ಅಂದು ವಿರೋಧಿಸಿದ್ದ ಮೆಕಾರ್ಟ್ನಿ ಇನ್ನೊಂದು ಹಾಡಿಗೆ ಬಾಸ್ ನುಡಿಸಿದ್ದು ಕಾಕತಾಳೀಯವಾದರೂ ಅರ್ಥಪೂರ್ಣ.

ಆಲ್ಬಂನ ಕೊನೆಯಲ್ಲಿ ಜಾಗರ್ ಮತ್ತು ರಿಚರ್ಡ್ಸ್ ಇಬ್ಬರೇ ಕುಳಿತು, ತಮ್ಮ ತಂಡಕ್ಕೆ ಹೆಸರು ಕೊಟ್ಟ ಮಡ್ಡಿ ವಾಟರ್ಸ್ ಹಾಡನ್ನು ಹಾಡಿದ್ದಾರೆ. ಅರವತ್ತು ವರ್ಷಗಳ ಧ್ವನಿಭಂಡಾರ ಎಲ್ಲಿಂದ ಹೊರಟಿತೋ ಅಲ್ಲಿಗೇ ಮರಳಿದೆ. ಆ ಹಾಡಿನ ರಚನೆ ಅವರದಲ್ಲ, ಟೇಪು ಮಾತ್ರ ಅವರದು. ಅವರ ಹರೆಯದ ಹಾಡುಗಳದ್ದು ಇದಕ್ಕೆ ತಿರುವುಮುರುವು: ರಚನೆ ಅವರದು, ಟೇಪು ಪರರದು.

ಕನ್ನಡದಲ್ಲಿಯೂ ಇಂದು ಮನೆಯ ಕೋಣೆಯಲ್ಲೇ ಹಾಡು ಮುದ್ರಿಸಿ ಜಗತ್ತಿಗೆ ಕೇಳಿಸುವ ಯುವ ತಂಡಗಳಿಗೆ ಕೊರತೆಯಿಲ್ಲ. ಅವರ ಮುಂದೆ ಕರಾರಿನ ಕಾಗದ ಬಂದು ನಿಲ್ಲುವ ದಿನವೂ ದೂರವಿರಲಾರದು. ಹಾಡು ಕಟ್ಟಲು ಕಲಿತಷ್ಟೇ ಶ್ರದ್ಧೆಯಿಂದ ಆ ಕಾಗದವನ್ನು ಓದಲು ಕಲಿಯಬೇಕು, ಅರ್ಥವಾಗದಿದ್ದರೆ ತಿಳಿದವರಿಂದ ಓದಿಸಿಕೊಳ್ಳಬೇಕು. ಜಗತ್ತಿನ ಅತಿ ಪ್ರಸಿದ್ಧ ರಾಕ್ ತಂಡವೊಂದು ಸಹಿ ಹಾಕುವ ಮುನ್ನ ಕೇಳದೇ ಹೋದ ಪ್ರಶ್ನೆ ಒಂದೇ: ಈ ಕಂಪನಿ ಯಾರದು? ಆ ಪ್ರಶ್ನೆಗೆ ಅಂದು ಉತ್ತರ ಕೇಳಿದ್ದರೆ, ಅರಮನೆ ಮೈದಾನದಲ್ಲಿ ಆ ರಾತ್ರಿ ಮೊಳಗಿದ ಹಾಡುಗಳೆಲ್ಲವೂ ಹಾಡಿದವರದೇ ಆಗಿರುತ್ತಿದ್ದವು.